ಹಾಕಿ ತಂಡದ ಎಳೆಯರು: ಉಳಿಯುವವರೆಷ್ಟು, ಉದುರುವವರೆಷ್ಟು?

ತೋಟದ ಪತ್ರಿಕೆಯಲ್ಲಿ ಹಾಕಿಯ ಮಾತೇಕೆಂದು ಕೆಲವು ಸದಸ್ಯ ಬಂಧುಗಳು ಕೇಳಬಹುದು. ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ ಕೊಡಗಿನ ಕಡೆ ನಾಲ್ಕು ಜನ ಸೇರಿದರೆ ನಡೆಯುವ ಮಾತು ಎರಡೇ. ಒಂದು ಮಳೆಯದು, ಇನ್ನೊಂದು ಹಾಕಿಯದು. ಮಳೆಯ ವಿಷಯ ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಹಾಕಿಯನ್ನೇ ಎತ್ತಿಕೊಂಡಿದ್ದೇವೆ.

2025ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ನಮ್ಮ ಕಿರಿಯರ ತಂಡ ವಿಶ್ವಕಪ್ಪಿನ ಕಂಚು ಗೆದ್ದಿತು. ಸೆಮಿಫೈನಲ್‌ನಲ್ಲಿ ಜರ್ಮನಿಯೆದುರು 1-5ರಿಂದ ಸೋತ ಹುಡುಗರು, ಕಂಚಿನ ಪಂದ್ಯದಲ್ಲಿ ಅರ್ಜೆಂಟೀನಾಗೆ ಎರಡು ಗೋಲು ಬಿಟ್ಟುಕೊಟ್ಟ ಮೇಲೆ ಕೊನೆಯ ಭಾಗದಲ್ಲಿ ನಾಲ್ಕು ಗೋಲು ಹೊಡೆದು 4-2ರಿಂದ ಗೆದ್ದರು. ತರಬೇತಿ ಕೊಟ್ಟವರು ಹಿಂದಿನ ವರ್ಷವಷ್ಟೇ ಗೋಲ್‌ಕೀಪರ್ ಕವಚ ಕಳಚಿದ್ದ ಶ್ರೀಜೇಶ್. ಇನ್ನು ನಮಗೆ ಚಿಂತೆಯಿಲ್ಲ, ಮುಂದಿನ ತಂಡ ಸಿದ್ಧವಾಯಿತು ಎಂದು ಹಲವರು ಹೇಳಿದ್ದನ್ನು ಕೇಳಿದ್ದೇವೆ. ಅಷ್ಟು ಬೇಗ ಲೆಕ್ಕ ಮುಗಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಹಿಂದಿನ ಒಂದು ಉದಾಹರಣೆ ನೋಡೋಣ. 2016ರ ಡಿಸೆಂಬರಿನಲ್ಲಿ ಲಖನೌದಲ್ಲಿ ನಮ್ಮ ಕಿರಿಯರು ಬೆಲ್ಜಿಯಮ್ಮನ್ನು 2-1ರಿಂದ ಸೋಲಿಸಿ ವಿಶ್ವಕಪ್ಪನ್ನೇ ಗೆದ್ದಿದ್ದರು. ಆ ತಂಡದಲ್ಲಿದ್ದವರು 18 ಮಂದಿ. ಐದು ವರ್ಷದ ಬಳಿಕ ಟೋಕಿಯೋ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿ ಅವರ ಪೈಕಿ ಇದ್ದವರು ಹರ್ಮನ್‌ಪ್ರೀತ್, ಮನ್‌ದೀಪ್, ವರುಣ್ ಕುಮಾರ್, ಸುಮಿತ್, ನೀಲಕಂಠ ಶರ್ಮ, ಗುರ್ಜಂತ್ ಮತ್ತು ಸಿಮ್ರನ್‌ಜೀತ್. ಎಣಿಸಿದರೆ ಏಳು. ಕಪ್ ಎತ್ತಿದ ನಾಯಕ ಹರ್ಜೀತ್ ಸಿಂಗ್ ಅವರಲ್ಲಿರಲಿಲ್ಲ. ಸೆಮಿಫೈನಲ್‌ನ ಶೂಟೌಟ್‌ನಲ್ಲಿ ಆಸ್ಟ್ರೇಲಿಯವನ್ನು ತಡೆದ ಗೋಲ್‌ಕೀಪರ್ ವಿಕಾಸ್ ದಹಿಯಾ ಸಹ ಇರಲಿಲ್ಲ. ಅದೇ ಕಿರಿಯರ ತಂಡದಲ್ಲಿ ಎರಡನೆಯ ಗೋಲ್‌ಕೀಪರ್ ಆಗಿ ಬೆಂಚಿನಲ್ಲಿದ್ದ ಕೃಷ್ಣ ಪಾಠಕ್ ವರ್ಷಗಟ್ಟಲೆ ಶ್ರೀಜೇಶ್ ನೆರಳಿನಲ್ಲಿ ಕಾದು, 2024ರಲ್ಲಿ ಅವರು ನಿವೃತ್ತರಾದ ಬಳಿಕ ಆ ಜಾಗಕ್ಕೆ ಬಂದರು.

ಸಿಮ್ರನ್‌ಜೀತ್ ಕಥೆಯೂ ಸ್ವಾರಸ್ಯವಾದುದು. ಟೋಕಿಯೋಗೆ ಮೊದಲು ಆರಿಸಿದ 16 ಮಂದಿಯಲ್ಲಿ ಅವರ ಹೆಸರೇ ಇರಲಿಲ್ಲ. ಕೊರೋನಾ ಕಾರಣದಿಂದ ಹೆಚ್ಚುವರಿ ಆಟಗಾರರನ್ನೂ ಆಡಿಸಬಹುದೆಂದು ನಿಯಮ ಸಡಿಲಿಸಿದಾಗ ಒಳಗೆ ಬಂದರು. ಕಂಚಿನ ಪಂದ್ಯದಲ್ಲಿ ಜರ್ಮನಿಯೆದುರು 1-3ರಿಂದ ಹಿಂದಿದ್ದ ತಂಡ 5-4ರಿಂದ ಗೆದ್ದಾಗ ಅದರಲ್ಲಿ ಎರಡು ಗೋಲು ಅವರವು. ಕಿರಿಯರಲ್ಲಿ ಯಾರು ಉಳಿಯುತ್ತಾರೆಂದು ಮೊದಲೇ ಬರೆದಿಡಬಲ್ಲ ಜಾಣ ನಮ್ಮ ದೃಷ್ಟಿಯಲ್ಲಿ ಇನ್ನೂ ಹುಟ್ಟಿಲ್ಲ.

ಪದಕವೊಂದೇ ಅಳತೆಗೋಲಲ್ಲ ಎನ್ನಲು ಇನ್ನೊಂದು ಸಾಕ್ಷಿಯಿದೆ. 2021ರಲ್ಲಿ ಭುವನೇಶ್ವರದಲ್ಲಿ ನಮ್ಮ ಕಿರಿಯರು ಫ್ರಾನ್ಸಿಗೆ ಸೋತು ನಾಲ್ಕನೆಯವರಾದರು. ಜನ ಬೇಸರಪಟ್ಟರು. ಆ ತಂಡದ ಸಂಜಯ್ 2024ರಲ್ಲಿ ಪ್ಯಾರಿಸ್ಸಿನಲ್ಲಿ ಒಲಿಂಪಿಕ್ ಕಂಚು ಧರಿಸಿದರು.

ಹಾಗಾದರೆ ಹೊಸ ತಂಡ ಕಟ್ಟುವುದು ಹೇಗೆ? ಅಡಿಕೆ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಳೆಯ ತೋಟವನ್ನು ಒಮ್ಮೆಗೇ ಕಡಿದು ಬಯಲು ಮಾಡುವವರಿಲ್ಲ. ಮರಗಳ ನಡುವೆ ಸಸಿಯಿಟ್ಟು, ಅವು ಮೇಲೆದ್ದ ಮೇಲೆ ಮುದಿ ಮರ ತೆಗೆಯುತ್ತೇವೆ. ಭಾರತ ತಂಡ 2008ರಲ್ಲಿ ಚಿಲಿಯ ಸಾಂತಿಯಾಗೋದಲ್ಲಿ ಬ್ರಿಟನ್ನಿಗೆ 0-2ರಿಂದ ಸೋತು, 1928ರಿಂದ ಮೊದಲ ಬಾರಿಗೆ ಒಲಿಂಪಿಕ್ಸಿನಿಂದ ಹೊರಗುಳಿಯಿತು. 2012ರಲ್ಲಿ ಲಂಡನ್ನಿಗೆ ಹೋದರೂ 12 ತಂಡಗಳಲ್ಲಿ ಹನ್ನೆರಡನೆಯದು. ಆ ಕೆಳಮಟ್ಟದಿಂದ ಕಂಚಿಗೆ ಬರಲು ಒಂಬತ್ತು ವರ್ಷ ಹಿಡಿಯಿತು. ಶ್ರೀಜೇಶ್, ಮನ್‌ಪ್ರೀತ್‌ರಂಥ ಅನುಭವಿಗಳನ್ನು ಉಳಿಸಿಕೊಂಡೇ ಹರ್ಮನ್‌ಪ್ರೀತ್‌ರಂಥವರನ್ನು ಬೆಳೆಸಲಾಯಿತು. ಹರ್ಮನ್‌ಪ್ರೀತ್ ಕಿರಿಯರ ಕಪ್ಪಿಗೂ ಮೊದಲೇ, ಇಪ್ಪತ್ತರ ಹರೆಯದಲ್ಲಿ, ರಿಯೋ ಒಲಿಂಪಿಕ್ಸಿನಲ್ಲಿ ದೊಡ್ಡವರ ಜೊತೆ ಆಡಿದ್ದರು. ಪ್ಯಾರಿಸ್ಸಿಗೆ ಹೋಗುವಾಗ ಅವರೇ ನಾಯಕ, ಹೊಡೆದ ಗೋಲು ಹತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯಂಗಳದ ಮಾತು. ಇದೇ ನಮ್ಮನ್ನು ಹೆಚ್ಚು ಕೊರೆಯುವುದು. 2016ರ ರಿಯೋ ತಂಡದ 16 ಮಂದಿಯಲ್ಲಿ ನಾಲ್ವರು ಕರ್ನಾಟಕದವರು: ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ನಾಲ್ವರಿಗೂ ಕೊಡಗಿನ ನಂಟು. ಟೋಕಿಯೋ ತಂಡದಲ್ಲಿ ನಮ್ಮವರು ಸೊನ್ನೆ. ಪ್ಯಾರಿಸ್ಸಿನಲ್ಲೂ ಸೊನ್ನೆ. ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್, 1980ರಲ್ಲಿ ಮಾಸ್ಕೋದ ಚಿನ್ನ ತಂದ ಎಂ.ಎಂ. ಸೋಮಯ್ಯ ಇವರನ್ನು ಕೊಟ್ಟ ನೆಲದಲ್ಲಿ ತಂಡ ಪದಕ ಗೆಲ್ಲತೊಡಗಿದ ಹೊತ್ತಿಗೇ ನಮ್ಮ ಹುಡುಗರು ಕಾಣೆಯಾದರು.

ಆಡುವವರ ಕೊರತೆಯೇ? ಹಾಗೆನ್ನಲಾಗದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭಿಸಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ 360. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಕೋಲು ಹಿಡಿಯುವ ಆ ಸಂಭ್ರಮಕ್ಕೆ ನಾವು ಕಣ್ಣು ಹಾಕುವವರಲ್ಲ. ಆದರೆ ಅದು ಹಬ್ಬ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದೀಚೆಗೆ ದೊಡ್ಡ ಹಾಕಿ ನಡೆಯುವುದು ಕೃತಕ ಹುಲ್ಲಿನ ಮೇಲೆ. ಅಲ್ಲಿ ಚೆಂಡಿನ ವೇಗ ಬೇರೆ, ಕಾಲಿನ ಕಸುವು ಬೇರೆ. ಮಣ್ಣಿನ ಮೈದಾನದಲ್ಲಿ ಮಿಂಚಿದ ಹುಡುಗ ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಟರ್ಫ್ ಹತ್ತದಿದ್ದರೆ ಅವನು ಹಬ್ಬದ ಆಟಗಾರನಾಗಿಯೇ ಉಳಿಯುತ್ತಾನೆ. ಒಡಿಶಾದವರು ಸುಂದರ್‌ಗಢದ ಹಳ್ಳಿ ಮಕ್ಕಳನ್ನು ಎಳವೆಯಲ್ಲೇ ಹಾಸ್ಟೆಲಿಗೆ ತಂದು ಟರ್ಫಿನ ಮೇಲೆ ಬೆಳೆಸಿದರು. ಅಮಿತ್ ರೋಹಿದಾಸ್ ಅಲ್ಲಿಯ ಫಸಲು.

ಚೆನ್ನೈಯ ಕಂಚಿನ ತಂಡದಲ್ಲಿ ಕರ್ನಾಟಕದ ಸುನಿಲ್ ಪಾಲಾಕ್ಷಪ್ಪ ಬೆನ್ನೂರ್ ರಕ್ಷಣಾ ಸಾಲಿನಲ್ಲಿದ್ದರೆಂಬುದು ಸಮಾಧಾನದ ಸಂಗತಿ. ಒಬ್ಬನೇ ಸಾಲದು.

ಸದಸ್ಯರು ಮುಂದಿನ ಹಬ್ಬಕ್ಕೆ ಹೋದಾಗ ಗೋಲು ಹೊಡೆದವನನ್ನು ಮಾತ್ರ ನೋಡಬೇಡಿ. ಚೆಂಡು ಕಳೆದುಕೊಂಡ ಕೂಡಲೇ ಹಿಂತಿರುಗಿ ಓಡುವ ಹುಡುಗನನ್ನು, ಚೆಂಡು ಬರುವ ಮೊದಲೇ ತಲೆಯೆತ್ತಿ ಜೊತೆಗಾರನನ್ನು ಹುಡುಕುವವನನ್ನು ಗುರುತಿಸಿ. ಅಂಥವನು ಹನ್ನೆರಡು ಹದಿಮೂರರೊಳಗಿನವನಾದರೆ ಅವನ ತಂದೆಯನ್ನು ಕಂಡು, ಕೂಡಿಗೆಯ ಕ್ರೀಡಾಶಾಲೆಯಲ್ಲಿ ಆಯ್ಕೆ ಯಾವಾಗ ಎಂದು ವಿಚಾರಿಸುವಂತೆ ಹೇಳಿ.