ಚಂದಾ ಕಟ್ಟಿ ಬೆಳೆಸಿದ ಓದು

ಸವಣೂರಿನ ನಮ್ಮ ಮನೆಯ ಗೂಡಿನಲ್ಲಿ ಅಜ್ಜ ಬಿಟ್ಟುಹೋದ ನಾಲ್ಕು ಪುಸ್ತಕಗಳಿವೆ. ಹಾಳೆ ಕಂದಿವೆ, ಹೊಲಿಗೆ ಸಡಿಲಾಗಿದೆ. ಒಳರಟ್ಟಿನ ಮೇಲೆ ಶಾಯಿಯಲ್ಲಿ ಹಾಕಿದ ಸಹಿ ಮಾತ್ರ ಇನ್ನೂ ನಿಚ್ಚಳ. ನಾಲ್ಕೂ ಧಾರವಾಡದ ಮನೋಹರ ಗ್ರಂಥಮಾಲೆಯವು.

ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಈ ಮಾಲೆಯ ಕ್ರಮ ಸರಳ. ಓದುಗರು ಚಂದಾ ಕಟ್ಟಬೇಕು, ಆ ಬಲದಿಂದ ಅಚ್ಚಾದ ಪುಸ್ತಕ ಅವರ ಕೈಸೇರಬೇಕು. ಹಾನಗಲ್ಲಿನವರಾಗಲಿ, ಶಿಗ್ಗಾಂವಿ, ಹಿರೇಕೆರೂರಿನವರಾಗಲಿ, ಚಂದಾದಾರರಾದರೆ ಮನೆಯಲ್ಲೇ ಒಂದು ಪುಟ್ಟ ಗ್ರಂಥಾಲಯ ಬೆಳೆಯುತ್ತಿತ್ತು.

ಅದಕ್ಕೂ ಮೊದಲು ನಮ್ಮ ಸೀಮೆಯ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದರು. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡದ ಬರವಣಿಗೆಗೆ ಬೆನ್ನಾಗಿ ನಿಂತಿತ್ತು. ಹೀಗೆ ಹದಗೊಂಡ ನೆಲದಲ್ಲೇ ಚಂದಾ ಬೇರೂರಿದ್ದು.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ಈಗ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಸಲ್ಲುತ್ತದೆ. ಅಂದರೆ ಮನೆ ತೆರಿಗೆ ಕಟ್ಟುವ ನಾವೆಲ್ಲರೂ ಚಂದಾದಾರರೇ. ನಮ್ಮೂರ ಗ್ರಂಥಾಲಯದ ಮೆಟ್ಟಿಲು ಹತ್ತುವಾಗಲೆಲ್ಲ ನನಗೆ ಅಜ್ಜನ ಸಹಿ ನೆನಪಾಗುತ್ತದೆ. ಅಲ್ಲಿರುವ ಪುಸ್ತಕಗಳು ನಮ್ಮವು. ಹೋಗಿ ಓದೋಣ, ಮಕ್ಕಳನ್ನೂ ಕೈಹಿಡಿದು ಕರೆದೊಯ್ಯೋಣ.