ಮೇ ತಿಂಗಳ ಕರೆಂಟು, ಗ್ಯಾಸು: ಮನೆ ಲೆಕ್ಕ ಹಾಕೋದು ಹೆಂಗ?

ಗೃಹಜ್ಯೋತಿ ಬಂದ ಮೇಲೆ ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಕರೆಂಟ್ ಬಿಲ್ ತೆರೆದು ಓದುವವರು ಕಡಿಮೆ. "ಸೊನ್ನೆ ಬಂದದ ಬಿಡ್ರಿ" ಅಂತ ಪಕ್ಕಕ್ಕಿಡ್ತೀವಿ. ಮೇ ತಿಂಗಳಲ್ಲಿ ಅದೇ ಮನೆಗೆ ಸಾವಿರ ದಾಟಿದ ಬಿಲ್ ಬಂತಂದ್ರೆ ಮಾತ್ರ "ಮೀಟರ್ ಜೋರ್ ಓಡ್ಲಿಕ್ಕತ್ತದ" ಅಂತ ಅನುಮಾನ ಶುರು. ಮೀಟರನ್ನು ಬೈಯೋ ಮುಂಚೆ ಒಂದು ಹಾಳೆ ತಗೊಂಡು ಲೆಕ್ಕ ಹಾಕೋಣ. ಎಂಜಿನಿಯರಿಂಗ್ ಓದುವ ನಾವು ಮನೆಗೆ ಮಾಡಿಕೊಡಬಹುದಾದ ಸಣ್ಣ ಕೆಲಸ ಇದು.

ಮೊದಲು ನಿಯಮ. ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. "200 ಯುನಿಟ್ ಫ್ರೀ" ಅಂತ ಎಲ್ಲರೂ ಅಂತಾರೆ, ಆದರೆ ಅದು ಪೂರ್ತಿ ಸರಿಯಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಬರುವುದು ಸಾಮಾನ್ಯವಾಗಿ ನಿಮ್ಮ ಉಚಿತ ಮಿತಿ (ಬಳಕೆ ತೀರಾ ಕಡಿಮೆ ಇರುವ ಮನೆಗಳಿಗೆ ಲೆಕ್ಕ ಬೇರೆ). ಸರಾಸರಿ 100 ಇದ್ದರೆ ಮಿತಿ 110. ಬಳಕೆ 110ರೊಳಗಿದ್ದರೆ ಬಿಲ್ ಸೊನ್ನೆ. 110 ದಾಟಿ 200ರೊಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಮೊದಲ ಯುನಿಟ್‌ನಿಂದ ಹಿಡಿದು ಪೂರ್ತಿ ಬಿಲ್ ಕಟ್ಟಬೇಕು. ಹಳೆಯ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯುನಿಟ್ ಹಿಡಿದು 58ರ ಮಿತಿ ಇಟ್ಟಿದ್ದಾರೆ. ರೂಮ್ ಮಾಡಿಕೊಂಡಿರುವ ಗೆಳೆಯರು ಇದನ್ನು ಗಮನಿಸ್ರಿ.

ಈಗ ದರ. 2025-26ರಲ್ಲಿ ಮನೆ ಬಳಕೆಗೆ ಯುನಿಟ್‌ಗೆ 5.80 ರೂ., ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು 36 ಪೈಸೆ, ಮೇಲೆ ಶೇ. 9 ತೆರಿಗೆ. ಎಲ್ಲ ಕೂಡಿಸಿದರೆ ಸುಮಾರು 6.70 ರೂ. ಪೂರ್ತಿ ಬಿಲ್ ಕಟ್ಟುವಾಗ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ 145 ರೂ. ನಿಗದಿತ ಶುಲ್ಕವೂ ಸೇರುತ್ತದೆ. ಇಂಧನ ಹೊಂದಾಣಿಕೆ ಶುಲ್ಕ ಬದಲಾಗುತ್ತಿರುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇವೆ. ದರ ಬದಲಾಗಿದ್ದರೆ ನಿಮ್ಮ ಜೆಸ್ಕಾಂ ಬಿಲ್ಲಿನಲ್ಲಿರುವ ಅಂಕಿ ಹಾಕಿಕೊಳ್ರಿ, ವಿಧಾನ ಅದೇ.

ಬಳಕೆಯ ಸೂತ್ರ ಎಲ್ಲರಿಗೂ ಗೊತ್ತು: ವ್ಯಾಟ್, ಗಂಟೆ, ದಿನ ಗುಣಿಸಿ 1000ದಿಂದ ಭಾಗಿಸೋದು. ಶಹಾಪುರದಲ್ಲಿ ಐದು ಮಂದಿಯ ಒಂದು ಮನೆ, ಮೇ ತಿಂಗಳು ಅಂತ ಇಟ್ಟುಕೊಳ್ಳೋಣ:

ಹಳೆಯ ಫ್ಯಾನ್ 3, ತಲಾ 75 ವ್ಯಾಟ್, ದಿನಕ್ಕೆ 14 ತಾಸು: 94.5 ಯುನಿಟ್
ಕೂಲರ್ 180 ವ್ಯಾಟ್, 10 ತಾಸು: 54
ಫ್ರಿಜ್: 22
ಎಲ್ಇಡಿ ಬಲ್ಬ್ 5, ತಲಾ 9 ವ್ಯಾಟ್, 6 ತಾಸು: 8.1
ಟಿವಿ 60 ವ್ಯಾಟ್, 5 ತಾಸು: 9
ನೀರಿನ ಮೋಟರ್ 500 ವ್ಯಾಟ್, ಅರ್ಧ ತಾಸು: 7.5
ಮಿಕ್ಸರ್ 500 ವ್ಯಾಟ್, 10 ನಿಮಿಷ: 2.5

ಒಟ್ಟು 197.6, ಅಂದರೆ 198. ಫ್ರಿಜ್‌ಗೆ ಮಾತ್ರ ಈ ಸೂತ್ರ ಹಚ್ಚಬ್ಯಾಡ್ರಿ. ಅದರ ಕಂಪ್ರೆಸರ್ ನಿಂತು ನಿಂತು ಓಡುತ್ತದೆ. ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯುನಿಟ್ ಅಂತ ಬರೆದಿರುತ್ತದೆ, ಅದನ್ನು 12ರಿಂದ ಭಾಗಿಸಿ ಬೇಸಿಗೆಗೆ ಸ್ವಲ್ಪ ಹೆಚ್ಚು ಹಿಡಿದರಾಯ್ತು.

ಈ ಮನೆಯ ಮಿತಿ 110 ಇದ್ದರೆ ಹೆಚ್ಚಾದ 88 ಯುನಿಟ್‌ಗೆ ಬಿಲ್ ಸುಮಾರು 590 ರೂ.

ಇನ್ನು ಗ್ಯಾಸ್. ಒಂದು ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಖಾಲಿ ಸಿಲಿಂಡರ್‌ನ ತೂಕ ಅದರ ಹಿಡಿಕೆಯ ಹತ್ತಿರವೇ ಬರೆದಿರುತ್ತದೆ. ತೂಗಿ ನೋಡಿ ಅಷ್ಟನ್ನು ಕಳೆದರೆ ಉಳಿದ ಗ್ಯಾಸ್ ಎಷ್ಟು ಅಂತ ಗೊತ್ತಾಗುತ್ತದೆ, ಅಲುಗಾಡಿಸಿ ನೋಡೋದು ಬ್ಯಾಡ. 40 ದಿನ ಬಂದರೆ ದಿನಕ್ಕೆ 355 ಗ್ರಾಂ. ಸಿಲಿಂಡರ್‌ಗೆ 900 ರೂ. ಅಂತ ಹಿಡಿದರೆ ಕೆಜಿಗೆ ಸುಮಾರು 63, ದಿನಕ್ಕೆ 22.50 ರೂ.

ಇಂಡಕ್ಷನ್ ಒಲೆ ಅಗ್ಗವೋ ಗ್ಯಾಸ್ ಅಗ್ಗವೋ ಅನ್ನೋ ಜಗಳ ಇಲ್ಲೇ ಬರೋದು. ದಿನಕ್ಕೆ ಎರಡು ಲೀಟರ್ ಚಹಾದ ನೀರು ಕುದಿಸಬೇಕು ಅನ್ನಿ. 30 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 586 ಕಿಲೋಜೂಲ್ ಬೇಕು. ಗ್ಯಾಸ್ ಒಲೆಯ ದಕ್ಷತೆ ಶೇ. 65, ಕೆಜಿ ಗ್ಯಾಸ್‌ಗೆ 46 ಮೆಗಾಜೂಲ್ ಹಿಡಿದರೆ ತಿಂಗಳಿಗೆ ಸುಮಾರು 590 ಗ್ರಾಂ, ಅಂದರೆ 37 ರೂ. ಇಂಡಕ್ಷನ್‌ನ ದಕ್ಷತೆ ಶೇ. 85 ಹಿಡಿದರೆ ತಿಂಗಳಿಗೆ 5.7 ಯುನಿಟ್, ಅಂದರೆ 38 ರೂ. ಎರಡೂ ಸಮಾಸಮ!

ಆದರೆ ಈ 38 ರೂ. ಎಲ್ಲ ತಿಂಗಳಿಗೂ ನಿಜವಲ್ಲ. ಡಿಸೆಂಬರ್‌ನಲ್ಲಿ ಮನೆಯ ಬಳಕೆ 90 ಇದ್ದರೆ ಆ 5.7 ಯುನಿಟ್ ಪುಕ್ಕಟೆ, ಇಂಡಕ್ಷನ್ನೇ ಲಾಭ. ಬಳಕೆ 150 ಇದ್ದಾಗ 38 ರೂ., ಯಾವುದಾದರೂ ನಡೀತದ. ಮೇ ತಿಂಗಳ 198ರ ಮೇಲೆ ಅದನ್ನು ಸೇರಿಸಿದರೆ ಬಳಕೆ 203 ಆಗ್ತದ. ಪೂರ್ತಿ 203 ಯುನಿಟ್‌ಗೆ ದುಡ್ಡು, ಒಂದು ಕಿಲೋವ್ಯಾಟ್‌ನ ನಿಗದಿತ ಶುಲ್ಕವೂ ಸೇರಿ ಬಿಲ್ ಸುಮಾರು 1,500 ರೂ. ಗ್ಯಾಸ್‌ನಲ್ಲಿ 37 ರೂ. ಉಳಿಸಲು ಹೋಗಿ ಕರೆಂಟಿಗೆ 910 ರೂ. ಹೆಚ್ಚು ಕೊಟ್ಟಂಗಾಯ್ತು. ಅದಕ್ಕೇ ನಾವು ಹೇಳೋದು ಇಷ್ಟೇ: ಯುನಿಟ್‌ನ ಸರಾಸರಿ ಬೆಲೆ ಕೇಳಬ್ಯಾಡ್ರಿ, ಇನ್ನು ಬಳಸಲಿರುವ ಮುಂದಿನ ಯುನಿಟ್‌ನ ಬೆಲೆ ಕೇಳ್ರಿ.

ಮೇ ತಿಂಗಳಲ್ಲಿ 200ರೊಳಗೆ ಉಳಿಯೋದು ಹೆಂಗ? ಕೂಲರ್ ಬಿಡ್ರಿ ಅಂತ ನಾವು ಹೇಳೋದಿಲ್ಲ. 40 ಡಿಗ್ರಿ ದಾಟುವ ಊರಲ್ಲಿ ಅದು ಶೋಕಿ ಅಲ್ಲ. ನಮ್ಮದು ಒಣ ಬಿಸಿಲು, ನೀರು ಬೇಗ ಆವಿಯಾಗುವುದರಿಂದ ಮಂಗಳೂರಿಗಿಂತ ಇಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡ್ತದ. ಕಿಟಕಿ ಸ್ವಲ್ಪ ತೆರೆದಿಡ್ರಿ, ಇಲ್ಲಾಂದ್ರೆ ತೇವ ಒಳಗೇ ಉಳಿದು ಕೂಲರ್ ತಣ್ಣಗೆ ಮಾಡೋದಿಲ್ಲ. ನಿಜವಾದ ಉಳಿತಾಯ ಇರೋದು ಫ್ಯಾನಿನಲ್ಲಿ. ಅದೇ ಮೂರು ಫ್ಯಾನ್ 30 ವ್ಯಾಟ್‌ನ ಬಿಎಲ್‌ಡಿಸಿ ಆದರೆ 94.5ರ ಬದಲು 38 ಯುನಿಟ್ ಸಾಕು, ಒಟ್ಟು ಬಳಕೆ 141ಕ್ಕೆ ಇಳೀತದ. ಮೂರೂ ಒಮ್ಮೆಲೆ ಆಗದಿದ್ದರೆ ಹೆಚ್ಚು ಹೊತ್ತು ತಿರುಗುವ ಫ್ಯಾನ್ ಮೊದಲು ಬದಲಿಸ್ರಿ. ಜೋಳದ ರೊಟ್ಟಿ ಮಾತ್ರ ಗ್ಯಾಸ್ ಮೇಲೋ ಕಟ್ಟಿಗೆ ಒಲಿ ಮೇಲೋ ಇರಲಿ. ಇಂಡಕ್ಷನ್‌ನ ಸಣ್ಣ ಕಾಯಿಲ್ ಅಗಲ ಹಂಚಿನ ಅಂಚಿನವರೆಗೆ ಸಮನಾಗಿ ಕಾಯಿಸೋದಿಲ್ಲ.

ಕೊನೆಗೆ ಒಂದು ರೂಢಿ. ಬಿಲ್ಲಿನಲ್ಲಿ ಈ ತಿಂಗಳ ಮೀಟರ್ ರೀಡಿಂಗ್ ಇರುತ್ತದೆ. ಹದಿನೈದು ದಿನ ಬಿಟ್ಟು ಮೀಟರ್ ನೋಡಿ ವ್ಯತ್ಯಾಸ ತೆಗೀರಿ. 100 ದಾಟಿದ್ದರೆ ಇದೇ ವೇಗದಲ್ಲಿ 200 ದಾಟೋದು ಖಾತ್ರಿ, ಸರಿಪಡಿಸಲು ಇನ್ನೂ ಹದಿನೈದು ದಿನ ಕೈಯಲ್ಲಿರ್ತಾವ. ಹಾಸ್ಟೆಲ್‌ನಲ್ಲಿದ್ದವರು ಮನೆಗೆ ಫೋನ್ ಹಚ್ಚಿದಾಗ "ಊಟ ಆಯ್ತಾ?" ಅಂದ ಮೇಲೆ "ಮೀಟರ್ ಎಷ್ಟದ?" ಅಂತ ಒಂದು ಮಾತು ಕೇಳ್ರಿ.