ಗೋಡೆಯೊಳಗಿನ ಬಿಸಿಯ ಲೆಕ್ಕ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿಬಂದವರು ಅಲ್ಲಿಯ ಹಂಚು, ಇಟ್ಟಿಗೆ, ಮಡಕೆಗಳ ಕೆಲಸವನ್ನು ಕಂಡಿರಬಹುದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಕೇಂದ್ರ ಸಂಸ್ಥೆಯೂ ಅಲ್ಲಿಯೇ ಉಂಟು. ಮಣ್ಣು ಹದವಾಗಿ ಬೇಯಬೇಕಾದರೆ ಭಟ್ಟಿಯ ಬಿಸಿ ಒಳಗೇ ನಿಲ್ಲಬೇಕಷ್ಟೆ. ಗೋಡೆ ತೆಳುವಾದರೆ ಸೌದೆ ದಂಡ. ಗೋಡೆಯೊಳಗೆ ಒಂದೆಡೆ ಬಿಸಿ ಹೆಚ್ಚಾಗಿ, ಪಕ್ಕದಲ್ಲೇ ತೀರ ಕಡಮೆಯಾದರೆ ಬಿರುಕು. ಆದರೆ ಗೋಡೆಯ ನಡುವಿನ ಬಿಸಿ ಎಷ್ಟೆಂದು ತಿಳಿಯುವುದು ಹೇಗೆ? ಎಲ್ಲೆಲ್ಲಿಯೂ ತೂತು ಕೊರೆದು ಅಳೆಯಲಾಗದು.

ಇಲ್ಲಿ ಗಣಿತವು ನೆರವಿಗೆ ಬರುತ್ತದೆ. ಭಟ್ಟಿ ಬಹಳ ಹೊತ್ತು ಒಂದೇ ಸಮನೆ ಉರಿದು, ಗೋಡೆಯ ಬಿಸಿ ಏರದೆ ಇಳಿಯದೆ ನೆಲೆಗೊಂಡಿತೆನ್ನಿ. ಆಗ ಅಂಚುಗಳ ಬಿಸಿಯೇ ಒಳಗಿನ ಪ್ರತಿಯೊಂದು ಬಿಂದುವಿನ ಬಿಸಿಯನ್ನೂ ಗೊತ್ತುಮಾಡುತ್ತದೆ. ಇದನ್ನು ಹೇಳುವ ಸಮೀಕರಣಕ್ಕೆ ಫ್ರಾನ್ಸಿನ ಲಾಪ್ಲಾಸನ (1749–1827) ಹೆಸರಿದೆ. ದೀರ್ಘವೃತ್ತೀಯ ಆಂಶಿಕ ಅವಕಲ ಸಮೀಕರಣಗಳೆಂಬ ಗುಂಪಿಗೆ ಇದು ಸೇರಿದುದು. ಹೆಸರು ಕೇಳಿ ಅಂಜಬೇಕಾಗಿಲ್ಲ. ಗೋಡೆಯ ಅಡ್ಡಕೊಯ್ತದ ಚಿತ್ರದ ಮೇಲೆ ಚೌಕುಳಿ ಗೆರೆಗಳನ್ನೆಳೆದರೆ ಅದರ ಸಾರ ಇಷ್ಟೆ: ಯಾವ ಬಿಂದುವಿನ ಬಿಸಿಯೂ ತನ್ನ ನಾಲ್ಕು ನೆರೆಯ ಬಿಂದುಗಳ ಸರಾಸರಿಗೆ ಬಲು ಸಮೀಪ.

ಕಾಗದ ತೆಗೆದುಕೊಳ್ಳಿ. ಒಂದು ಚೌಕ ಬರೆದು, ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಗೆರೆಗಳನ್ನು ಸಮನಾಗಿ ಎಳೆಯಿರಿ. ಒಳಗೆ ನಾಲ್ಕು ಕೂಡುಬಿಂದುಗಳಾದುವು. ಬೆಂಕಿಯ ಕಡೆಯ ಮೇಲಂಚು 900 ಡಿಗ್ರಿ, ಉಳಿದ ಮೂರು ಅಂಚು 100 ಡಿಗ್ರಿ ಎಂದಿಟ್ಟುಕೊಳ್ಳೋಣ. ಒಳಗಿನ ನಾಲ್ಕಕ್ಕೂ ಮೊದಲು 100 ಎಂದೇ ಊಹಿಸಿ. ಮೇಲಿನ ಎಡಬಿಂದುವಿನ ನೆರೆಯವು 900, 100, 100, 100, ಸರಾಸರಿ 300. ಹಳೆಯ ಅಂಕಿಯನ್ನು ಹೊಡೆದುಹಾಕಿ ಇದನ್ನು ಬರೆಯಿರಿ. ಹೊಸ ಅಂಕಿಯನ್ನೇ ಹಿಡಿದು ಮುಂದುವರಿದರೆ ಮೇಲಿನ ಬಲಬಿಂದು 350. ಕೆಳಗಿನವು 150, 175. ಎರಡನೆಯ ಸುತ್ತಿನಲ್ಲಿ ಮೊದಲ ಬಿಂದು 375, ಮೂರನೆಯದರಲ್ಲಿ ಸುಮಾರು 394. ಹೀಗೆಯೇ ಸುತ್ತಿದಂತೆ ಮೇಲಿನವೆರಡು 400ಕ್ಕೂ ಕೆಳಗಿನವೆರಡು 200ಕ್ಕೂ ಬಂದು ನಿಲ್ಲುತ್ತವೆ. ನಮ್ಮ ಊಹೆ ತಪ್ಪಾಗಿದ್ದರೂ ಅಂಚಿನ ಅಂಕಿಗಳು ಕದಲುವುದಿಲ್ಲ. ಆದ್ದರಿಂದ ಸುತ್ತುಸುತ್ತಿಗೂ ತಪ್ಪು ಕರಗುತ್ತದೆ. ಉತ್ತರವು 900ನ್ನು ಮೀರಿದರೆ ಅಥವಾ 100ಕ್ಕಿಂತ ಇಳಿದರೆ ಕೂಡುವುದರಲ್ಲಿ ಎಲ್ಲಿಯೋ ಎಡವಿದ್ದೀರಿ ಎಂದೇ ತಿಳಿಯಿರಿ!

ಗೆರೆಗಳು ಒತ್ತಾದಷ್ಟೂ ಉತ್ತರ ನಿಜಕ್ಕೆ ಹತ್ತಿರ. ಆದರೆ ಪ್ರತಿ ಬದಿಯನ್ನೂ 100 ಪಾಲು ಮಾಡಿದರೆ ಒಳಬಿಂದುಗಳು 9,801. ಇಂಗ್ಲೆಂಡಿನ ರಿಚರ್ಡ್‌ಸನ್ 1910ರಲ್ಲಿ ಕಲ್ಲಿನ ಅಣೆಕಟ್ಟಿನೊಳಗಿನ ಒತ್ತಡವನ್ನು ಇಂಥ ಬಿಂದುಲೆಕ್ಕದಿಂದ ಕಂಡುಹಿಡಿದಾಗ, ಕೂಲಿ ಕೊಟ್ಟು ಲೆಕ್ಕ ಮಾಡಿಸಬೇಕಾಯಿತು. ಸರಾಸರಿಯಲ್ಲಿಯೇ ನಿಲ್ಲದೆ ಅದೇ ದಿಕ್ಕಿನಲ್ಲಿ ಎಷ್ಟು ಮುಂದೆ ಸರಿದರೆ ಕೆಲಸ ಬೇಗ ಮುಗಿಯುವುದೆಂದು 1950ರಲ್ಲಿ ಅಮೆರಿಕದ ಡೇವಿಡ್ ಯಂಗ್ ತೋರಿಸಿದನು. ಈಗ ಗಣಕಯಂತ್ರ ಆ ದುಡಿಮೆಯನ್ನು ಹೊತ್ತುಕೊಂಡಿದೆ.

ಬಿಸಿಗೆ ಸಲ್ಲುವ ಈ ಲೆಕ್ಕ ನೀರಿಗೂ ಸಲ್ಲುತ್ತದೆ. ಬೆಳಗಾವಿಯಲ್ಲಿ 1924ರ ಕಾಂಗ್ರೆಸ್ ಅಧಿವೇಶನಕ್ಕಾಗಿ ತೋಡಿದ ಬಾವಿಯನ್ನು ನೀವು ನೋಡಿರಬಹುದು. ನೆಲ ಒಂದೇ ಬಗೆಯದಾಗಿ, ಒಳಗಿನ ನೀರಿನ ಹರಿವು ನೆಲೆಗೊಂಡಿದ್ದರೆ, ಬಾವಿ ಬಾವಿಗಳ ನಡುವಣ ನೀರಿನ ಮಟ್ಟಕ್ಕೂ ಬಹುಮಟ್ಟಿಗೆ ಇದೇ ನಿಯಮ. ಹೊಸ ಕೊಳವೆಬಾವಿಯಿಂದ ನೀರೆಳೆದರೆ ನೆರೆಯವರ ಬಾವಿ ಎಷ್ಟು ಇಳಿದೀತೆಂದು ಕೊರೆಯುವ ಮುನ್ನವೇ ಅಂದಾಜು ಮಾಡಬಹುದು. ಆದರೆ ಅದಕ್ಕೆ ಈಗಿರುವ ಬಾವಿಗಳ ಮಟ್ಟವನ್ನು ಸರಿಯಾಗಿ ಅಳೆದಿರಬೇಕು. ಅಂಚಿನ ಅಳತೆ ತಪ್ಪಿದರೆ ಯಾವ ಯಂತ್ರವೂ ಅದನ್ನು ತಿದ್ದಲಾರದು.